ಮರದೊಳಗಿನ ಮೊಳೆ ಯಾರಿಗೆ ತಾಗುತ್ತದೆ?

ಮಾನ್ಯ ಸಂಪಾದಕರೇ,

ರಸ್ತೆ ಅಗಲ ಮಾಡಲು ನಮ್ಮ ಕಡೆ ಸಾಲುಮರಗಳಿಗೆ ನಂಬರ್ ಬಿದ್ದಿದೆ. ಅದನ್ನು ನೋಡಿ ಸಿಟ್ಟಾದ ಕಾಲೇಜು ಹುಡುಗನೊಬ್ಬ ಮೊನ್ನೆ ನನ್ನ ಹತ್ತಿರ, "ಅಣ್ಣಾ, ಮರಕ್ಕೆ ಉದ್ದುದ್ದ ಮೊಳೆ ಹೊಡೆದುಬಿಟ್ರೆ ಯಾರೂ ಕೊಯ್ಯೋಕೆ ಬರಲ್ಲ. ಅಮೆರಿಕದಲ್ಲಿ ಹಾಗೇ ಮಾಡಿದ್ರಂತೆ" ಎಂದ. ಅವನ ಸಿಟ್ಟು ನನ್ನದೂ ಹೌದು. ಆದರೆ ನಾನು ಹನ್ನೆರಡು ವರ್ಷ ಸಾಮಿಲ್ಲಿನಲ್ಲಿ ದುಡಿದವನು. ಅದಕ್ಕೇ ಈ ಪತ್ರ.

ಬೋರ್ಡು ಹೊಡೆದ, ತಂತಿ ಬಿಗಿದ ಮರಗಳು ಸಾಮಿಲ್ಲಿಗೆ ಬರುತ್ತಲೇ ಇರುತ್ತವೆ. ಮೊಳೆಯ ಮೇಲೆ ತೊಗಟೆ ಬೆಳೆದು ಮುಚ್ಚಿಕೊಂಡಿರುತ್ತದೆ. ಕೊಯ್ಯುವಾಗ ಹಲಗೆಯಲ್ಲಿ ಕಪ್ಪು ಕಲೆ ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಹತ್ತಿರದಲ್ಲೇ ಎಲ್ಲೋ ಕಬ್ಬಿಣ ಇದೆ ಅಂತ ಅರ್ಥ. ಗರಗಸದ ಪಟ್ಟಿ ತುಂಡಾದರೆ ಪಕ್ಕಕ್ಕೆ ಸರಿಯುವಷ್ಟೂ ಹೊತ್ತು ಸಿಗುವುದಿಲ್ಲ.

ಹುಡುಗ ಹೇಳಿದ್ದು ಸುಳ್ಳಲ್ಲ. 1980ರಲ್ಲಿ ಹುಟ್ಟಿದ ‘ಅರ್ಥ್ ಫಸ್ಟ್’ ಗುಂಪಿನವರು ಹಳೆಯ ಕಾಡು ಉಳಿಸಲು ಈ ದಾರಿ ಹಿಡಿದಿದ್ದರು. ಮೊಳೆ ಇದೆ ಎಂದು ಮೊದಲೇ ತಿಳಿಸಿದರೆ ನಷ್ಟಕ್ಕೆ ಹೆದರಿ ಕಂಪನಿ ಮರ ಬಿಡುತ್ತದೆ ಎಂಬ ಲೆಕ್ಕ. ಆದರೆ 1987ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಕ್ಲೋವರ್‌ಡೇಲ್ ಮಿಲ್ಲಿನಲ್ಲಿ ಗರಗಸ ಮೊಳೆಗೆ ತಾಗಿ ಪಟ್ಟಿ ಮುರಿಯಿತು. ತುಂಡು ಹಾರಿ 23 ವರ್ಷದ ಕಾರ್ಮಿಕನ ಮುಖಕ್ಕೆ ಬಡಿಯಿತು. ದವಡೆ ಮುರಿಯಿತು, ಹಲ್ಲು ಉದುರಿದವು. ಪಟ್ಟಿ ಹಾಳಾಗಿದೆ ಎಂದು ಅವನು ಮೊದಲೇ ದೂರಿದ್ದ. ಮೊಳೆ ಹೊಡೆದವರು ಯಾರು ಎಂಬುದು ಸಾಬೀತಾಗಲೇ ಇಲ್ಲ. ಪೆಟ್ಟು ಬಿದ್ದದ್ದು ಮಾತ್ರ ಕೂಲಿಗೆ ಬಂದವನಿಗೆ. 1990ರಲ್ಲಿ ಅದೇ ಗುಂಪಿನ ಜೂಡಿ ಬಾರಿ ಮೊಳೆ ಬೇಡವೇ ಬೇಡ ಎಂದು ಬಹಿರಂಗವಾಗಿ ಹೇಳಿದರು. ಆಕೆ ಸ್ವತಃ ಬಡಗಿ ಕೆಲಸ ಮಾಡಿದವರು.

ಅದೇ 1987ರಲ್ಲಿ ನಮ್ಮವರೂ ಕಾನೂನು ಮುರಿದರು. ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಜಮೀನನ್ನು ಸರ್ಕಾರ ನೀಲಗಿರಿ ಬೆಳೆಯಲೆಂದು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಡಲು ಹೊರಟಿತ್ತು. ದನ ಮೇಯಿಸುವುದೆಲ್ಲಿ, ಸೌದೆ ತರುವುದೆಲ್ಲಿ? ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಸುಮಾರು 2,000 ಜನ ಸೇರಿದರು. ಹಾಡಹಗಲೇ, ವಾದ್ಯ ಬಾರಿಸುತ್ತಾ ಹೋಗಿ ನೀಲಗಿರಿ ಸಸಿ ಕಿತ್ತರು. ಅಲ್ಲೇ ಹಣ್ಣಿನ, ಮೇವಿನ ಸಸಿ ಹಚ್ಚಿದರು. ನೀರು ಹಾಕಿ ನೋಡಿಕೊಳ್ಳುತ್ತೇವೆ ಎಂದು ಆಣೆಯನ್ನೂ ಮಾಡಿದರು. ಅದಕ್ಕೇ ‘ಕಿತ್ತಿಕೋ ಹಚ್ಚಿಕೋ’ ಎಂಬ ಹೆಸರು. ಕಿತ್ತವರು ಯಾರೆಂದು ಪೊಲೀಸರು ಹುಡುಕಬೇಕಾಗಿರಲಿಲ್ಲ, ಎಲ್ಲರೂ ಎದುರೇ ನಿಂತಿದ್ದರು. ಜಮೀನು ಕೊಡುವುದರ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ಶಿವರಾಮ ಕಾರಂತರೂ ಅರ್ಜಿದಾರರಾಗಿದ್ದರು. 1991ರಲ್ಲಿ ಆ ಕಂಪನಿಯೇ ಮುಚ್ಚಿತು.

ಸಾಲುಮರಗಳ ಬಗ್ಗೆ ಅಹವಾಲು ಸಭೆ ಕರೆದರೆ ಆ ಹುಡುಗನ ಪಕ್ಕದಲ್ಲಿ ನಾನೂ ನಿಲ್ಲುತ್ತೇನೆ. ಅದಕ್ಕೂ ಮೊದಲು ಈ ಭಾನುವಾರ, ಬೋರ್ಡಿಗೆಂದು ಆ ಮರಗಳಿಗೆ ಹೊಡೆದಿರುವ ಮೊಳೆಗಳನ್ನು ಇಬ್ಬರೂ ಕೀಳೋಣ ಎಂದಿದ್ದೇನೆ. ಮೊಳೆ ಕೀಳುವ ಇಕ್ಕಳ ನನ್ನ ಹತ್ತಿರ ಇದೆ.

– ಒಬ್ಬ ಓದುಗ, ಶಿರಸಿ