ಮೂತ್ರದ ವರದಿಯಲ್ಲಿ ‘ಶುಗರ್’ ಎಂದರೆ ಯಾವ ಸಕ್ಕರೆ?

ಮಾನ್ಯ ಸಂಪಾದಕರೇ,

ಬಾಣಂತಿಯ ಮೂತ್ರದ ವರದಿಯಲ್ಲಿ ‘ಶುಗರ್ ಎರಡು ಪ್ಲಸ್’ ಎಂದಷ್ಟೇ ಬರೆದುಕೊಟ್ಟರೆ ಮನೆಯವರು ಅದನ್ನು ಸಕ್ಕರೆ ಕಾಯಿಲೆ ಎಂದೇ ಓದುತ್ತಾರೆ. ತಟ್ಟೆಯಲ್ಲಿ ಅನ್ನ ಕಡಿಮೆಯಾಗುತ್ತದೆ, ಮಗುವಿಗೆ ಹಾಲು ಕುಡಿಸಬಹುದೋ ಬಾರದೋ ಎಂಬ ಹೆದರಿಕೆ ಶುರುವಾಗುತ್ತದೆ. ಆದರೆ ಅದು ಗ್ಲೂಕೋಸೇ ಆಗಿರಬೇಕೆಂದಿಲ್ಲ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಆಗಿರಬಹುದು. ಯಾವ ವಿಧಾನದಲ್ಲಿ ನೋಡಿದ್ದು ಎಂಬ ಒಂದು ಸಾಲನ್ನು ನಮ್ಮ ಚಿಕ್ಕಮಗಳೂರು ಜಿಲ್ಲೆಯ ಲ್ಯಾಬ್‌ಗಳು ವರದಿಯಲ್ಲಿ ಕಡ್ಡಾಯವಾಗಿ ಬರೆಯಬೇಕು.

ಎದೆಯ ಗ್ರಂಥಿ ಲ್ಯಾಕ್ಟೋಸ್ ತಯಾರಿಸುವುದು ಪ್ರೊಲ್ಯಾಕ್ಟಿನ್ ಹಾರ್ಮೋನಿನ ಪ್ರಭಾವದಿಂದ. ತಯಾರಾದದ್ದರಲ್ಲಿ ಸ್ವಲ್ಪ ಕೋಶಗಳ ಸಂದಿಯಿಂದ ರಕ್ತಕ್ಕೆ ಸೋರುತ್ತದೆ. ಅದನ್ನು ಒಡೆಯುವ ಕಿಣ್ವ ಇರುವುದು ಸಣ್ಣ ಕರುಳಿನಲ್ಲಿ, ರಕ್ತದಲ್ಲಲ್ಲ. ಹಾಗಾಗಿ ಅದು ಇದ್ದ ಹಾಗೇ ಮೂತ್ರಕ್ಕೆ ಇಳಿಯುತ್ತದೆ. ಬಸುರಿನ ಕೊನೆಯ ತಿಂಗಳುಗಳಲ್ಲಿ, ಹೆರಿಗೆಯಾದ ಮೊದಲ ದಿನಗಳಲ್ಲಿ, ಹಾಲು ಕಟ್ಟಿ ಎದೆ ಗಟ್ಟಿಯಾದಾಗ, ಹಾಲು ಬಿಡಿಸುವಾಗ ಇದು ಕಾಣುತ್ತದೆ. ಬಸಿರು ಬಾಣಂತನ ಇಲ್ಲದೆಯೂ ಪ್ರೊಲ್ಯಾಕ್ಟಿನ್ ಏರಿ ಎದೆಯಲ್ಲಿ ಹಾಲು ಜಿನುಗುವವರಲ್ಲಿ ಇದೇ ದಾರಿ ತೆರೆದಿರಬಹುದು.

ಲ್ಯಾಬಿನಲ್ಲಿ ಮೂತ್ರದ ಸಕ್ಕರೆ ನೋಡಲು ಬಳಸುವ ನೀಲಿ ಬೆನೆಡಿಕ್ಟ್ ದ್ರಾವಣಕ್ಕೆ ಈ ಎರಡು ಸಕ್ಕರೆಗಳ ವ್ಯತ್ಯಾಸ ತಿಳಿಯದು. 5 ಮಿ.ಲೀ. ದ್ರಾವಣವನ್ನು ಮೊದಲು ಬರೀ ಕುದಿಸಿ ನೋಡಬೇಕು. ನೀಲಿ ಬಣ್ಣ ಬದಲಾದರೆ ದ್ರಾವಣವೇ ಕೆಟ್ಟಿದೆ. ಬದಲಾಗದಿದ್ದರೆ 8 ಹನಿ ಮೂತ್ರ ಹಾಕಿ 2 ನಿಮಿಷ ಕುದಿಸಿ, ತಾನಾಗಿ ಆರಲು ಬಿಡಬೇಕು. ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು: ಗ್ಲೂಕೋಸ್ ಇದ್ದರೂ ಲ್ಯಾಕ್ಟೋಸ್ ಇದ್ದರೂ ಇದೇ ಸಾಲು. ಹೆಚ್ಚು ವಿಟಮಿನ್ ಸಿ ಮಾತ್ರೆ ನುಂಗಿದವರಲ್ಲೂ ಬಣ್ಣ ತಿರುಗುತ್ತದೆ.

ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಇರುವ, ಮೂತ್ರದಲ್ಲಿ ಅದ್ದಿ ನೋಡುವ ಸ್ಟ್ರಿಪ್ ಮಾತ್ರ ಗ್ಲೂಕೋಸನ್ನೇ ಹಿಡಿಯುತ್ತದೆ. ಬೆನೆಡಿಕ್ಟ್‌ನಲ್ಲಿ ಬಣ್ಣ ಬಂದು ಸ್ಟ್ರಿಪ್ ಬದಲಾಗದೆ ಉಳಿದರೆ ಲ್ಯಾಕ್ಟೋಸಿನ ಅನುಮಾನ ಗಟ್ಟಿ. ಇಲ್ಲೊಂದು ಎಚ್ಚರ. ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಸ್ಟ್ರಿಪ್ ತೇವ ಹೀರಿ ಕೆಡುತ್ತದೆ. ಒಂದನ್ನು ತೆಗೆದ ಕೂಡಲೇ ಬಿಗಿಯಾಗಿ ಮುಚ್ಚಬೇಕು, ಒಳಗಿನ ತೇವ ಹೀರುವ ಪೊಟ್ಟಣವನ್ನು ಎಸೆಯಬಾರದು, ಫ್ರಿಜ್‌ನಲ್ಲಿ ಇಡಬಾರದು. ಬೆಳಿಗ್ಗೆ ಹಿಡಿದ ಮೂತ್ರವನ್ನು ಮಧ್ಯಾಹ್ನ ನೋಡುವುದೂ ತಪ್ಪು. ಅಷ್ಟರಲ್ಲಿ ಬ್ಯಾಕ್ಟೀರಿಯಾ ಗ್ಲೂಕೋಸನ್ನು ತಿಂದಿರುತ್ತದೆ.

ಇನ್ನೂ ಅನುಮಾನವಿದ್ದರೆ ಬ್ರೆಡ್ಡಿಗೆ ಹಾಕುವ ಯೀಸ್ಟ್ ಸಾಕು. ಮೂತ್ರಕ್ಕೆ ಯೀಸ್ಟ್ ಬೆರೆಸಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಮತ್ತೆ ಬೆನೆಡಿಕ್ಟ್ ಮಾಡಿ. ಯೀಸ್ಟ್ ಗ್ಲೂಕೋಸನ್ನು ತಿಂದು ಮುಗಿಸುತ್ತದೆ, ಲ್ಯಾಕ್ಟೋಸನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿ ಗ್ಲೂಕೋಸ್ ನೀರಿನ ಟ್ಯೂಬೊಂದನ್ನು ಇದೇ ರೀತಿ ಇಟ್ಟರೆ ಯೀಸ್ಟ್‌ಗೆ ಜೀವ ಇದೆಯೇ ಎಂಬುದೂ ಗೊತ್ತಾಗುತ್ತದೆ.

ಮೂತ್ರ ನೋಡಿ ಗರ್ಭಿಣಿಗೆ ಸಕ್ಕರೆ ಕಾಯಿಲೆ ಇದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. 75 ಗ್ರಾಂ ಗ್ಲೂಕೋಸನ್ನು 300 ಮಿ.ಲೀ. ನೀರಿನಲ್ಲಿ ಕರಗಿಸಿ ಕುಡಿಸಿ, 2 ಗಂಟೆಯ ಬಳಿಕ ರಕ್ತ ನೋಡಲೇಬೇಕು. ರಕ್ತದ ಗ್ಲೂಕೋಸ್ 140 ಮಿ.ಗ್ರಾಂ/ಡೆಸಿಲೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಬೇಕು.

ಬಾಣಂತಿಯಲ್ಲದವರ ಎದೆಯಲ್ಲಿ ಹಾಲು ಬರುತ್ತಿದ್ದರೆ, ಮುಟ್ಟು ನಿಂತಿದ್ದರೆ, ಮೊದಲು ಗರ್ಭಿಣಿಯಲ್ಲ ಎಂದು ಖಾತ್ರಿ ಮಾಡಿಕೊಂಡು, ನುಂಗುವ ಮಾತ್ರೆಗಳನ್ನು ಕೇಳಿ. ‘ಗ್ಯಾಸ್ ಮಾತ್ರೆ’ ಎಂದು ತಿಂಗಳುಗಟ್ಟಲೆ ತೆಗೆದುಕೊಳ್ಳುವುದರಲ್ಲಿ ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಇರುವುದುಂಟು. ಎರಡೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್ ಕೂಡ ಏರಿಸುತ್ತದೆ, ಆದರೆ ಅದನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಥೈರಾಯ್ಡ್ ಕೊರತೆಯನ್ನೂ ನೋಡಬೇಕು. ಪ್ರೊಲ್ಯಾಕ್ಟಿನ್‌ಗೆ ರಕ್ತ ಕೊಡುವವರು ನಿದ್ದೆಯಿಂದ ಎದ್ದೊಡನೆ ಕೊಡದೆ, ಲ್ಯಾಬಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತು ಆಮೇಲೆ ಕೊಡಲಿ.

ಹಾಗೆಂದು ಬೆನೆಡಿಕ್ಟ್ ಬಾಟಲಿಯನ್ನು ಲ್ಯಾಬಿನಿಂದ ಆಚೆ ಹಾಕಬೇಡಿ. ಹಾಲು ಕುಡಿಯಲು ಶುರುಮಾಡಿದ ಮೇಲೆ ವಾಂತಿ, ಕಾಮಾಲೆ ಕಾಣಿಸಿಕೊಂಡ ಹಸುಗೂಸಿನ ಮೂತ್ರ ಬೆನೆಡಿಕ್ಟ್‌ನಲ್ಲಿ ಬಣ್ಣ ಕೊಟ್ಟು ಸ್ಟ್ರಿಪ್‌ನಲ್ಲಿ ಕೊಡದಿದ್ದರೆ ಅದು ಲ್ಯಾಕ್ಟೋಸ್ ಒಡೆದಾಗ ಬರುವ ಗ್ಯಾಲಕ್ಟೋಸ್ ಎಂಬ ಸಕ್ಕರೆ ಇರಬಹುದು. ಆ ಮಗುವನ್ನು ಅದೇ ದಿನ ಮಕ್ಕಳ ತಜ್ಞರಿಗೆ ತೋರಿಸಬೇಕು.

– ಇಬ್ಬರು ಲ್ಯಾಬ್ ತಂತ್ರಜ್ಞರು, ಚಿಕ್ಕಮಗಳೂರು