ಇಸುಬಿಗೆ ಎಣ್ಣೆ: ಹೋಲಿಕೆ ಎಲ್ಲಿ?

ಮಾನ್ಯರೇ,

ಸಸ್ಯಜನ್ಯ ಎಣ್ಣೆ ಹಚ್ಚಿದ್ದರಿಂದ ಲಘು ಇಸುಬು, ಅಂದರೆ ಎಕ್ಸಿಮಾ, ಗುಣವಾಯಿತೆನ್ನುವ ವರದಿಗಳಲ್ಲಿ ‘ಯಾವುದಕ್ಕೆ ಹೋಲಿಸಿದರೆ?’ ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಇಸುಬು ತಾನಾಗಿಯೇ ಏರಿ ಇಳಿಯುವ ಕಾಯಿಲೆ. ತುರಿಕೆ ಕೆರಳಿದಾಗ ಎಣ್ಣೆ ಹಚ್ಚಿ, ಎರಡು ವಾರದಲ್ಲಿ ಅದು ತಗ್ಗಿದರೆ ಕೀರ್ತಿಯೆಲ್ಲ ಎಣ್ಣೆಗೇ ಸಲ್ಲುತ್ತದೆ.

‘ನೈಸರ್ಗಿಕ’ ಎಂಬ ಹಣೆಪಟ್ಟಿಯಡಿ ಎಲ್ಲ ಎಣ್ಣೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೂ ತಪ್ಪು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದು ಮುಂದೋಳಿಗೆ ಆಲಿವ್ ಎಣ್ಣೆ, ಇನ್ನೊಂದಕ್ಕೆ ಸೂರ್ಯಕಾಂತಿ ಎಣ್ಣೆಯನ್ನು ಆರಾರು ಹನಿಯಂತೆ ದಿನಕ್ಕೆರಡು ಬಾರಿ ನಾಲ್ಕು ವಾರ ಹಚ್ಚಲಾಯಿತು. ಆಲಿವ್ ಹಚ್ಚಿದ ಕಡೆ ಚರ್ಮದ ಹೊರಪದರ ದುರ್ಬಲವಾಗಿ ತುಸು ಕೆಂಪೇರಿತು. ಸೂರ್ಯಕಾಂತಿ ಹಚ್ಚಿದ ಕಡೆ ಪದರ ಗಟ್ಟಿಯಾಗಿಯೇ ಉಳಿದು ತೇವಾಂಶ ಹೆಚ್ಚಿತು. ಆಲಿವ್‌ನಲ್ಲಿ ಓಲಿಯಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಹೇರಳ, ಅದು ಹೊರಪದರದ ಕೊಬ್ಬಿನ ಜೋಡಣೆಯನ್ನೇ ಸಡಿಲಿಸುತ್ತದೆ. ಟೀ ಟ್ರೀ ಎಂಬ ಮರದ ಎಲೆಯಿಂದ ಇಳಿಸುವಂಥ ಸುಗಂಧ ತೈಲಗಳದ್ದು ಬೇರೆಯೇ ತಕರಾರು: ಗಾಳಿ, ಬೆಳಕಿಗೆ ತೆರೆದಿಟ್ಟು ಹಳತಾದಷ್ಟೂ ಅಲರ್ಜಿ ತರುವ ಸಂಭವ ಹೆಚ್ಚು.

ಆದ್ದರಿಂದ ಪರೀಕ್ಷೆ ನಡೆಸುವವರು ಒಂದು ತೋಳಿಗೆ ಎಣ್ಣೆ ಬೆರೆತ ಮುಲಾಮು, ಇನ್ನೊಂದಕ್ಕೆ ಎಣ್ಣೆಯಿಲ್ಲದ ಅದೇ ಮುಲಾಮು ಹಚ್ಚಿಸಲಿ. ಯಾವುದು ಯಾವ ಕಡೆಯದೆಂದು ರೋಗಿಗೂ, ಇಸುಬಿನ ತೀವ್ರತೆಗೆ ಅಂಕ ಕೊಡುವವರಿಗೂ ತಿಳಿಯಬಾರದು. ಜೊತೆಗೆ ಬಳಸಿದ, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮುಲಾಮು ಎಷ್ಟು ಖರ್ಚಾಯಿತೆಂದು ಟ್ಯೂಬನ್ನೂ ತೂಗಿ ದಾಖಲಿಸಬೇಕು; ಇಲ್ಲವಾದರೆ ಗುಣ ಯಾವುದರದ್ದೆಂದು ಹೇಳಲಾಗದು. ಮನೆಯಲ್ಲೇ ಪ್ರಯತ್ನಿಸುವವರು ಮೊದಲು ಮೊಣಕೈ ಒಳಮಡಿಕೆಯ ಬಳಿ, ಇಸುಬಿಲ್ಲದ ಕಡೆ, ನಾಣ್ಯದಗಲ ಜಾಗಕ್ಕೆ ದಿನಕ್ಕೆರಡು ಬಾರಿ ಏಳು ದಿನ ಹಚ್ಚಿ ನೋಡಲಿ. ರಸ ಒಸರುವ ಚರ್ಮಕ್ಕಂತೂ ಎಣ್ಣೆ ಸೋಕಿಸದೆ ವೈದ್ಯರಿಗೆ ತೋರಿಸಲಿ.

– ಓದುಗ