ಬಸುರಿಯ ಮಾತ್ರೆ: ನುಂಗುವ ಮುಂಚೆ ಕೇಳಿ, ಬಿಡುವ ಮುಂಚೆಯೂ ಕೇಳಿ

ಸಂಪಾದಕರಿಗೆ ನಮಸ್ಕಾರ.

ತಪಾಸಣೆಗೆ ಬರುವ ಗರ್ಭಿಣಿಯರ ತಾಯಿ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಮಾತ್ರೆಯ ಸ್ಟ್ರಿಪ್‌ಗಳೂ ಇರುತ್ತವೆ. ಅವನ್ನು ಕೈಗೆತ್ತಿಕೊಂಡು ನೋಡಿದರೆ ಸಾಕು, ಬಹಳಷ್ಟು ತಿಳಿಯುತ್ತದೆ. ಹತ್ತು ಗುಳಿಗೆಯಲ್ಲಿ ಎರಡೋ ಮೂರೋ ಮಾತ್ರ ಖಾಲಿ, ಉಳಿದವು ಹಾಗೇ ಕೂತಿರುತ್ತವೆ. ಚೀಟಿ ಬರೆದು ಇಪ್ಪತ್ತೈದು ದಿನವಾಗಿರುತ್ತದೆ. ‘ಮಾತ್ರೆ ತಗೊಳ್ತಿದ್ದೀಯೇನಮ್ಮಾ?’ ಎಂದರೆ ‘ಹೂಂ’ ಎಂಬ ಉತ್ತರ. ವೈದ್ಯರು ಬರೆದದ್ದನ್ನು ನಂಬಬೇಕೋ ಬೇಡವೋ ಎಂಬ ತೀರ್ಮಾನ ನಮ್ಮಲ್ಲಿ ವೈದ್ಯರ ಎದುರು ಆಗುವುದೇ ಅಪರೂಪ. ಊರಿಗೆ ಮರಳುವ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಆಗುತ್ತದೆ. ವೈದ್ಯರಿಗೆ ಅದು ಗೊತ್ತೇ ಆಗುವುದಿಲ್ಲ. ಔಷಧಿ ವಿತರಿಸುವ ಕೆಲಸದಲ್ಲಿರುವ ನಮ್ಮನ್ನು ತೀರಾ ಕಾಡುವುದು ಈ ಗುಟ್ಟು.

ಗುಟ್ಟು ಏಕೆ ಅಪಾಯ ಎಂಬುದಕ್ಕೆ ರಕ್ತದೊತ್ತಡದ ಮಾತ್ರೆಯನ್ನೇ ನೋಡಿ. ಬಿಪಿ ಏರಿದೆಯೆಂದು ಲ್ಯಾಬೆಟಲಾಲ್ 100 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ ಬರೆದಿರುತ್ತಾರೆ. ಮನೆಯಲ್ಲಿ ಹೆದರಿ ಎರಡೇ ದಿನಕ್ಕೆ ನಿಲ್ಲಿಸುತ್ತಾರೆ. ಮುಂದಿನ ಸಲ ಬಿಪಿ ಇಳಿದಿರುವುದಿಲ್ಲ. ಮಾತ್ರೆ ಸಾಲುತ್ತಿಲ್ಲವೆಂದು ತಿಳಿದ ವೈದ್ಯರು ಪ್ರಮಾಣ ದುಪ್ಪಟ್ಟು ಮಾಡುತ್ತಾರೆ, ನಿಫೆಡಿಪಿನ್ ಕೂಡ ಸೇರಿಸುತ್ತಾರೆ. ಈ ಬಾರಿ ಮನೆಯವರು ಗಾಬರಿಗೊಂಡು ಎಲ್ಲವನ್ನೂ ಒಟ್ಟಿಗೆ ಕೊಡುತ್ತಾರೆ. ಬಿಪಿ ಏಕಾಏಕಿ ಕುಸಿದು ತಾಯಿ ತಲೆಸುತ್ತಿ ಬೀಳುತ್ತಾಳೆ, ಮಾಸುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಇಲ್ಲಿ ಕೆಟ್ಟದ್ದು ಮಾತ್ರೆಯಲ್ಲ. ‘ನಾನು ತಗೊಳ್ಳಲಿಲ್ಲ, ಭಯ ಆಯ್ತು’ ಎಂಬ ಒಂದು ಮಾತು ಬಾಯಿಂದ ಬರಲಿಲ್ಲ, ಅಷ್ಟೆ.

ಹಾಗೆಂದು ಆ ಭಯ ಬುಡವಿಲ್ಲದ್ದಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಮಾರುಕಟ್ಟೆಗೆ ಬಂತು. ನಿದ್ದೆಗೂ ಬಸುರಿಯ ವಾಕರಿಕೆಗೂ ಅದನ್ನು ಕೊಟ್ಟರು. 1961ರ ಕೊನೆಯಲ್ಲಿ ಹಿಂತೆಗೆದುಕೊಳ್ಳುವಷ್ಟರಲ್ಲಿ ಹಲವು ದೇಶಗಳಲ್ಲಿ ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ್ದರು. ಅಮೆರಿಕದಲ್ಲಿ ಗರ್ಭಪಾತ ತಡೆಯಲೆಂದು ವೈದ್ಯರು ಡಿಇಎಸ್ ಎಂಬ ಹಾರ್ಮೋನನ್ನು ದಶಕಗಳ ಕಾಲ ಬರೆದರು. ಅದರಿಂದ ಗರ್ಭ ನಿಲ್ಲುವುದಿಲ್ಲವೆಂದು 1953ರಲ್ಲೇ ಶಿಕಾಗೊದ ಪರೀಕ್ಷೆಯೊಂದು ತೋರಿಸಿತ್ತು. ಆದರೂ ನಿಲ್ಲಿಸಿದ್ದು 1971ರಲ್ಲಿ, ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಯೋನಿ ಕ್ಯಾನ್ಸರ್ ಕಾಣಿಸಿಕೊಂಡ ಮೇಲೆ. ಆದ್ದರಿಂದ ವೈದ್ಯರನ್ನು ಪ್ರಶ್ನಿಸುವುದು ಉದ್ಧಟತನ ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ.

ಅನುಮಾನವೂ ನಷ್ಟ ಮಾಡಿದ್ದುಂಟು. ಡಾಕ್ಸಿಲಮೈನ್ ಮತ್ತು ಬಿ6 ಸೇರಿದ ವಾಂತಿ ಮಾತ್ರೆಯ ಮೇಲೆ ಅಮೆರಿಕದಲ್ಲಿ ಮೊಕದ್ದಮೆಗಳ ಸುರಿಮಳೆಯಾಗಿ 1983ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಹುಟ್ಟು ದೋಷಗಳು ಕಡಿಮೆಯಾಗಲಿಲ್ಲ. ವಿಪರೀತ ವಾಂತಿಗೆ ಆಸ್ಪತ್ರೆ ಸೇರುವ ಗರ್ಭಿಣಿಯರು ಮಾತ್ರ ಹೆಚ್ಚಾದರು. 2013ರಲ್ಲಿ ಅದೇ ಮಿಶ್ರಣಕ್ಕೆ ಅಲ್ಲಿ ಮತ್ತೆ ಅನುಮತಿ ಸಿಕ್ಕಿತು. ನಮ್ಮ ಅಂಗಡಿಗಳಲ್ಲಿ ವಾಂತಿಗೆಂದು ಮೊದಲು ಕೊಡುವುದು ಇಂದಿಗೂ ಅದನ್ನೇ.

ಮಾತ್ರೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಎಷ್ಟನೇ ವಾರಕ್ಕೆ, ಎಷ್ಟು ಪ್ರಮಾಣ, ಯಾವ ಕಾಯಿಲೆಗೆ ಎಂದು ಕೇಳಬೇಕು. ಕೊನೆಯ ಮುಟ್ಟಿನ ಮೊದಲ ದಿನದಿಂದ ಲೆಕ್ಕ ಹಾಕಿದರೆ ಸುಮಾರು 5ರಿಂದ 10ನೇ ವಾರದೊಳಗೆ ಮಗುವಿನ ಅಂಗಗಳು ರೂಪುಗೊಳ್ಳುತ್ತವೆ. ಮೆದುಳು, ಬೆನ್ನುಹುರಿಯಾಗಬೇಕಾದ ನರಕೊಳವೆ 6ನೇ ವಾರದ ಹೊತ್ತಿಗೇ ಮುಚ್ಚಿಕೊಂಡಿರುತ್ತದೆ. ಫೋಲಿಕ್ ಆಮ್ಲವನ್ನು ಬಸುರಾಗುವ ಮೊದಲೇ ದಿನಕ್ಕೆ 400 ಮೈಕ್ರೊಗ್ರಾಂ ಶುರು ಮಾಡಿ ಎನ್ನುವುದು ಇದಕ್ಕೇ. ಎರಡೂವರೆ ತಿಂಗಳಾದ ಮೇಲೆ ಶುರು ಮಾಡಿದರೆ ನರಕೊಳವೆಗೆ ಉಪಯೋಗವಿಲ್ಲ. ನೋವಿನ ಮಾತ್ರೆಗಳಾದ ಐಬುಪ್ರೊಫೇನ್, ಡೈಕ್ಲೊಫೆನ್ಯಾಕ್‌ಗಳದು ತಿರುಗುಮುರುಗು ಲೆಕ್ಕ. 20ನೇ ವಾರದ ನಂತರ ಅವು ಮಗುವಿನ ಮೂತ್ರಪಿಂಡದ ಮೇಲೆ ಪರಿಣಾಮ ಬೀರಿ ಗರ್ಭದ ನೀರು ಕಡಿಮೆ ಮಾಡಬಲ್ಲವು. 30ನೇ ವಾರದ ನಂತರ ಹೃದಯದ ಹತ್ತಿರದ ಒಂದು ರಕ್ತನಾಳ ಹುಟ್ಟುವ ಮೊದಲೇ ಮುಚ್ಚಿಕೊಳ್ಳುವ ಭಯವಿದೆ. ‘ಮೂರು ತಿಂಗಳು ಕಳೀತಲ್ಲ, ಇನ್ನೇನೂ ಆಗಲ್ಲ’ ಎನ್ನುವ ಮಾತು ಇಲ್ಲಿ ಕೈಕೊಡುತ್ತದೆ. ಸೊಂಟನೋವಿಗೆಂದು ಅಂಗಡಿಯಲ್ಲಿ ಕೇಳಿ ಪಡೆಯುವ ಮಾತ್ರೆಗಳಲ್ಲಿ ಇವೇ ಹೆಚ್ಚು, ಆದ್ದರಿಂದ ಎಷ್ಟನೇ ತಿಂಗಳ ಬಸುರಿ ಎಂದು ಮೊದಲೇ ಹೇಳಿಬಿಡಿ.

ಇನ್ನು ಅಂಕಿಗಳ ಮಾತು. ಯಾವ ಮಾತ್ರೆಯನ್ನೂ ಮುಟ್ಟದ ತಾಯಂದಿರಿಗೂ 100ರಲ್ಲಿ ಸುಮಾರು 3 ಮಕ್ಕಳಿಗೆ ಏನಾದರೊಂದು ದೊಡ್ಡ ಹುಟ್ಟು ದೋಷ ಇರುತ್ತದೆ. ಹೋಲಿಸಬೇಕಾದದ್ದು ಇದರ ಜೊತೆ, ಸೊನ್ನೆಯ ಜೊತೆಯಲ್ಲ. ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್ ಬಗ್ಗೆ ‘ಸೀಳುತುಟಿ ಬರುತ್ತೆ’ ಎಂಬ ಸುದ್ದಿ ಹರಿದಾಡುತ್ತದೆ. 2018ರಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನದ ಲೆಕ್ಕ ಹೀಗಿದೆ: ಮಾತ್ರೆ ತೆಗೆದುಕೊಳ್ಳದವರಲ್ಲಿ 10,000ಕ್ಕೆ ಸುಮಾರು 11, ಮೊದಲ ಮೂರು ತಿಂಗಳಲ್ಲಿ ತೆಗೆದುಕೊಂಡವರಲ್ಲಿ 14. ಸಾಧಾರಣ ವಾಕರಿಕೆಗೆ 10,000ಕ್ಕೆ ಮೂರರಷ್ಟು ಆ ಹೆಚ್ಚುವರಿ ಅಪಾಯವೂ ಬೇಡವೆಂದು ಡಾಕ್ಸಿಲಮೈನ್ ಸಾಕೆನ್ನಬಹುದು. ನೀರು ಕುಡಿದರೂ ನಿಲ್ಲದೆ, ಮೂತ್ರ ಕಡುಹಳದಿಯಾಗಿ, ತೂಕ ಇಳಿಯುತ್ತಿರುವವಳಿಗೆ ತೂಕದ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ. ಎರಡೂ ಸರಿಯಾದ ತೀರ್ಮಾನಗಳೇ.

ಪ್ಯಾರಸಿಟಮಾಲ್ ವಿಷಯವನ್ನೂ ಹೇಳಲೇಬೇಕು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರು ಟೈಲೆನಾಲ್ ತೆಗೆದುಕೊಂಡರೆ ಮಗುವಿಗೆ ಆಟಿಸಂ ಬರುತ್ತದೆ ಎಂಬರ್ಥದ ಮಾತಾಡಿದರು. ಟೈಲೆನಾಲ್ ಎಂದರೆ ನಮ್ಮ ಡೋಲೊ, ಕ್ರೋಸಿನ್‌ಗಳಲ್ಲಿರುವ ಅದೇ ಪ್ಯಾರಸಿಟಮಾಲ್. ಇಂಥ ನಂಟಿಗೆ ಸ್ಥಿರವಾದ ಪುರಾವೆಯಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಕೂಡಲೇ ಹೇಳಿತು. ಸ್ವೀಡನ್‌ನಲ್ಲಿ ಸುಮಾರು 25 ಲಕ್ಷ ಮಕ್ಕಳ ದಾಖಲೆ ನೋಡಿದ 2024ರ ಅಧ್ಯಯನದಲ್ಲಿ, ಒಂದೇ ತಾಯಿಯ ಮಕ್ಕಳನ್ನು ಪರಸ್ಪರ ಹೋಲಿಸಿದಾಗ ವ್ಯತ್ಯಾಸ ಕಾಣಲಿಲ್ಲ. ಮೊದಲ ತಿಂಗಳುಗಳಲ್ಲಿ ಸುಡುವ ಜ್ವರವೇ ಮಗುವಿಗೆ ಕೆಡುಕು. 500 ಅಥವಾ 650 ಮಿಲಿಗ್ರಾಂ, ನಡುವೆ ಆರು ಗಂಟೆ ಬಿಟ್ಟು, ಜ್ವರ ಇರುವಷ್ಟೇ ದಿನ ಸಾಕು. ಎರಡು ದಿನಕ್ಕೂ ಇಳಿಯದಿದ್ದರೆ ಮಾತ್ರೆ ಹೆಚ್ಚಿಸುವುದಲ್ಲ, ಡೆಂಗಿಯೋ ಮೂತ್ರದ ಸೋಂಕೋ ಎಂದು ಪರೀಕ್ಷೆ ಮಾಡಿಸುವುದು.

ಹಾಗಾದರೆ ಯಾವ ಮಾತ್ರೆಗಳನ್ನು ಸ್ವಂತ ಬುದ್ಧಿಯಿಂದ ಬಿಡಲೇಬಾರದು? ಥೈರಾಯ್ಡ್, ಫಿಟ್ಸ್, ಬಿಪಿ, ಇನ್ಸುಲಿನ್, ಉಬ್ಬಸದ ಇನ್‌ಹೇಲರ್. ಮೊದಲ ಮೂರು ತಿಂಗಳು ಮಗು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ. ಬಸುರಾದ ಕೂಡಲೇ ಥೈರಾಕ್ಸಿನ್ ಪ್ರಮಾಣ ಸಾಮಾನ್ಯವಾಗಿ ಕಾಲು ಭಾಗದಷ್ಟು ಏರಿಸಬೇಕಾಗುತ್ತದೆಯೇ ಹೊರತು ನಿಲ್ಲಿಸುವುದಲ್ಲ. ಫಿಟ್ಸ್ ಮಾತ್ರೆಯ ವಿಷಯ ಇನ್ನೂ ಸೂಕ್ಷ್ಮ. ವಾಲ್‌ಪ್ರೊಯೇಟ್ ನಿಜಕ್ಕೂ ಅಪಾಯದ ಔಷಧಿ: 10 ಮಕ್ಕಳಲ್ಲಿ ಸುಮಾರು ಒಂದಕ್ಕೆ ಹುಟ್ಟು ದೋಷ, 3-4 ಮಕ್ಕಳಿಗೆ ಕಲಿಕೆ, ಮಾತಿನ ಬೆಳವಣಿಗೆಯಲ್ಲಿ ತೊಡಕು. ಹೀಗಾಗಿ ಮದುವೆ ನಿಶ್ಚಯವಾದಾಗಲೇ ನರರೋಗ ತಜ್ಞರನ್ನು ಕಂಡು ಲೆವೆಟಿರಸಿಟಾಮ್ ಅಥವಾ ಲ್ಯಾಮೊಟ್ರಿಜಿನ್‌ಗೆ ಬದಲಿಸಲು ಆಗುವುದೇ ಎಂದು ಕೇಳಬೇಕು. ಹುಡುಗನ ಮನೆಗೆ ಗೊತ್ತಾಗಬಾರದೆಂದು ಮುಚ್ಚಿಟ್ಟು, ಬಸುರಾದ ಮೇಲೆ ಒಂದೇ ದಿನದಲ್ಲಿ ನಿಲ್ಲಿಸಿ, ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದರೆ ಎರಡು ಜೀವಕ್ಕೂ ಕುತ್ತು.

ಆಸ್ಪಿರಿನ್ ಕಂಡರೂ ಜನ ಹೆದರುತ್ತಾರೆ; ಅದು ಹೃದಯದವರ ಮಾತ್ರೆ ಎನ್ನುತ್ತಾರೆ. ಹಿಂದಿನ ಬಸಿರಿನಲ್ಲಿ ಬಿಪಿ ಏರಿ ಗರ್ಭನಂಜು (ಪ್ರಿಎಕ್ಲಾಂಪ್ಸಿಯಾ) ಆಗಿದ್ದವರಿಗೆ, ಅವಳಿ ಮಕ್ಕಳಿರುವವರಿಗೆ, ಮೊದಲಿನಿಂದ ಬಿಪಿ, ಸಕ್ಕರೆ ಕಾಯಿಲೆ ಇರುವವರಿಗೆ 75ರಿಂದ 150 ಮಿಲಿಗ್ರಾಂ ಆಸ್ಪಿರಿನ್ ರಾತ್ರಿ ಹೊತ್ತು ಕೊಡುವುದು ಆ ನಂಜು ಬರದಿರಲೆಂದು. 12ರಿಂದ 16ನೇ ವಾರದೊಳಗೆ ಶುರುವಾದರೆ ಅದರ ಕೆಲಸ ಚೆನ್ನು. ಹೆದರಿ ಎರಡು ತಿಂಗಳು ಮುಂದೂಡಿದರೆ ಆ ಹೊತ್ತು ಕಳೆದುಹೋಗುತ್ತದೆ.

ಆಶಾ ಕಾರ್ಯಕರ್ತೆ ಮನೆಗೆ ತಂದುಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ತೆಗೆದುಕೊಳ್ಳಬೇಕು. ಮಗು ಕಪ್ಪಾಗುತ್ತದೆ, ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಇದನ್ನು ಬಿಡುವವರು ಬಹಳ. ಕಪ್ಪಾಗುವುದು ಮಲ ಮಾತ್ರ. ಬಿಡಲು ನಿಜವಾದ ಕಾರಣ ಹೊಟ್ಟೆ ತೊಳಸುವುದು, ಮಲಬದ್ಧತೆ. ಅದನ್ನು ಹೇಳಿಕೊಂಡರೆ ದಾರಿಯಿದೆ. ಥೈರಾಯ್ಡ್, ಕಬ್ಬಿಣ, ಕ್ಯಾಲ್ಸಿಯಂ ಮೂರೂ ಇರುವವರು ಮರೆಯಬಾರದೆಂದು ಬೆಳಿಗ್ಗೆ ಒಂದೇ ಗುಟುಕಿಗೆ ನುಂಗುತ್ತಾರೆ. ಆಗ ಒಂದು ಇನ್ನೊಂದನ್ನು ಹಿಡಿದಿಟ್ಟುಕೊಂಡು ಯಾವುದೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ 6ಕ್ಕೆ ಖಾಲಿ ಹೊಟ್ಟೆಗೆ ಬರಿ ನೀರಿನಲ್ಲಿ, ತಿಂಡಿ 7ಕ್ಕೆ. ಕ್ಯಾಲ್ಸಿಯಂ ಮಧ್ಯಾಹ್ನ ಮತ್ತು ರಾತ್ರಿಯ ಊಟದ ಜೊತೆ. ಕಬ್ಬಿಣ ಸಂಜೆ 5ಕ್ಕೆ, ಬೇಕಾದರೆ ನಿಂಬೆ ನೀರಿನಲ್ಲಿ. ಆ ಹೊತ್ತಿನ ಕಾಫಿಯನ್ನು ಒಂದು ಗಂಟೆ ಆಚೆಗೆ ತಳ್ಳಿ.

ಎರಡನೆಯ ಅಭಿಪ್ರಾಯ ಕೇಳಲೇಬೇಕಾದ ಸಂದರ್ಭಗಳೂ ಇವೆ. ಬಸುರಿ ಎಂದು ತಿಳಿದ ಮೇಲೂ ಬಿಪಿಗೆ ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಲಪ್ರಿಲ್ ಮುಂದುವರಿದಿದ್ದರೆ ಅದೇ ದಿನ ಕೇಳಿ. ಅವು ಮಗುವಿನ ಮೂತ್ರಪಿಂಡ ಕೆಡಿಸುತ್ತವೆ. ನೆಗಡಿಗೆ ಆ್ಯಂಟಿಬಯೋಟಿಕ್ ಬರೆದರೆ, ಅದರಲ್ಲೂ ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಇದ್ದರೆ ಕೇಳಿ. ರಕ್ತಸ್ರಾವವೂ ಇಲ್ಲ, ಹಿಂದೆ ಗರ್ಭಪಾತವೂ ಆಗಿಲ್ಲ, ಆದರೂ ‘ಗರ್ಭ ಗಟ್ಟಿ ನಿಲ್ಲಲಿ’ ಎಂದು ಹಾರ್ಮೋನ್ ಮಾತ್ರೆ, ಚುಚ್ಚುಮದ್ದು ಬರೆಯುವ ರೂಢಿ ನಮ್ಮಲ್ಲಿ ಹೆಚ್ಚು. ಬ್ರಿಟನ್ನಿನಲ್ಲಿ 4,153 ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೊದಲ ತಿಂಗಳುಗಳಲ್ಲಿ ರಕ್ತ ಕಂಡವರಲ್ಲೂ ಪ್ರೊಜೆಸ್ಟರಾನ್‌ನಿಂದ ಒಟ್ಟಾರೆ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ರಕ್ತಸ್ರಾವದ ಜೊತೆಗೆ ಹಿಂದೆ ಗರ್ಭಪಾತಗಳೂ ಆಗಿದ್ದವರಿಗೆ ಉಪಯೋಗವಾಯಿತು. ನೀವು ಯಾವ ಗುಂಪಿಗೆ ಸೇರುತ್ತೀರಿ ಎಂದು ಕೇಳಿ. ಚರ್ಮದ ವೈದ್ಯರು, ದಂತವೈದ್ಯರು, ಊರಿನ ಆರ್‌ಎಂಪಿ ಬರೆದ ಚೀಟಿಯನ್ನು ಹೆರಿಗೆ ವೈದ್ಯರಿಗೆ ತೋರಿಸದೆ ನುಂಗಬೇಡಿ. ಮೊಡವೆಯ ಐಸೊಟ್ರೆಟಿನಾಯಿನ್ ಅಂತೂ ಬಸುರಾಗುವ ಒಂದು ತಿಂಗಳ ಮುಂಚೆಯೇ ನಿಂತಿರಬೇಕು.

ಕೇಳುವುದಕ್ಕೆ ಧೈರ್ಯ ಸಾಲದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಇದು ಯಾವುದಕ್ಕೆ? ತಗೊಳ್ಳದಿದ್ದರೆ ಏನಾಗುತ್ತೆ? ಈ ತಿಂಗಳಲ್ಲಿ ಇದಕ್ಕಿಂತ ಹಳೆಯ, ಹೆಚ್ಚು ಬಳಕೆಯ ಔಷಧಿ ಇದೆಯಾ? ಎಷ್ಟು ದಿನ? ‘ಅದೆಲ್ಲ ನಿನಗ್ಯಾಕೆ’ ಎನ್ನುವವರಿಗಿಂತ ‘ತಡೀಮ್ಮಾ, ನೋಡಿ ಹೇಳ್ತೀನಿ’ ಎನ್ನುವ ವೈದ್ಯರು ನಂಬಿಕೆಗೆ ಅರ್ಹರು. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ನಡೆಯುವ ಗರ್ಭಿಣಿಯರ ವಿಶೇಷ ತಪಾಸಣೆಗೆ ತಾಯಿ ಕಾರ್ಡು, ಎಲ್ಲ ಸ್ಟ್ರಿಪ್ ಹಿಡಿದು ಹೋದರೆ ದುಡ್ಡಿಲ್ಲದೆ ಎರಡನೆಯ ಅಭಿಪ್ರಾಯ ಸಿಗುತ್ತದೆ. ಸ್ಟ್ರಿಪ್ ಕತ್ತರಿಸುವಾಗ ಔಷಧಿಯ ಹೆಸರು, ಅವಧಿ ಮುಗಿಯುವ ದಿನಾಂಕ ಇರುವ ತುದಿಯನ್ನು ಉಳಿಸಿಕೊಳ್ಳಿ. ಬಿಡಿ ಗುಳಿಗೆ ನೋಡಿ ಯಾರೂ ಏನೂ ಹೇಳಲಾರರು.

ಮೊಬೈಲಿನಲ್ಲಿ ಹುಡುಕುವವರಿಗೆ ಎರಡು ಮಾತು. ಬಸುರಿಯಲ್ಲಿ ಔಷಧಿಯ ಅಪಾಯ ಸೂಚಿಸಲು ಬಳಸುತ್ತಿದ್ದ ‘ಸಿ ವರ್ಗ’, ‘ಡಿ ವರ್ಗ’ ಎಂಬ ಅಕ್ಷರಗಳು ಕಂಡರೆ ಬೆಚ್ಚಬೇಡಿ. ಅಕ್ಷರಗಳಿಂದ ಗೊಂದಲವೇ ಹೆಚ್ಚೆಂದು ಅಮೆರಿಕವೇ 2015ರಿಂದ ಅವನ್ನು ಕೈಬಿಡುತ್ತ ಬಂದಿದೆ. ಡಬ್ಬಿಯೊಳಗಿನ ಕಾಗದದಲ್ಲಿ ‘ಗರ್ಭಿಣಿಯರಲ್ಲಿ ಸುರಕ್ಷತೆ ಸಾಬೀತಾಗಿಲ್ಲ’ ಎಂದಿದ್ದರೆ, ಬಹುತೇಕ ಅದರರ್ಥ ಗರ್ಭಿಣಿಯರ ಮೇಲೆ ಪ್ರಯೋಗ ಮಾಡಿಲ್ಲ ಎಂದಷ್ಟೇ.

ಇಂಗ್ಲಿಷ್ ಮಾತ್ರೆ ಉಷ್ಣ, ನಾಟಿ ಔಷಧಿ ತಂಪು ಎಂಬ ನಂಬಿಕೆಯೂ ಕಾಪಾಡುವುದಿಲ್ಲ. ಭಾರತದಲ್ಲಿ ತಯಾರಾದ ಆಯುರ್ವೇದ ಮಾತ್ರೆ ಸೇವಿಸಿದ 6 ಗರ್ಭಿಣಿಯರ ರಕ್ತದಲ್ಲಿ 2011-12ರಲ್ಲಿ ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ ಸೀಸದ ವಿಷ ಪತ್ತೆ ಮಾಡಿತ್ತು. ಏನಿದೆ ಎಂದು ಬರೆಯದ ಪುಡಿ, ಭಸ್ಮ, ಗಂಡು ಮಗುವಿಗೆಂದು ಕೊಡುವ ಉಂಡೆ ಯಾವುದನ್ನೂ ಬಾಯಿಗೆ ಹಾಕಿಕೊಳ್ಳಬೇಡಿ.

ವೈದ್ಯ ಮಿತ್ರರಲ್ಲೊಂದು ಕೋರಿಕೆ. ಔಷಧಿಯ ಮೂಲ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಬೇಕೆಂದು 2016ರಲ್ಲೇ ವೈದ್ಯಕೀಯ ಮಂಡಳಿಯ ನಿಯಮ ತಿದ್ದುಪಡಿಯಾಗಿದೆ. ಅದರ ಪಕ್ಕದಲ್ಲಿ ಕನ್ನಡದ ಒಂದೇ ಪದ ಸೇರಿಸಿ: ‘ಬಿಪಿಗೆ’, ‘ರಕ್ತಕ್ಕೆ’, ‘ನಂಜು ತಡೆಗೆ’. ಆ ಒಂದು ಪದ ಇದ್ದರೆ ಅತ್ತೆ, ಗಂಡ, ಅಂಗಡಿಯವರು ಎಲ್ಲರೂ ಒಂದೇ ಅರ್ಥ ಮಾಡಿಕೊಳ್ಳುತ್ತಾರೆ.

ಬಸುರಿ ಎಂದು ತಿಳಿಯುವ ಮೊದಲೇ ಏನೋ ಮಾತ್ರೆ ನುಂಗಿದ್ದೇವೆ ಎಂದು ಗಾಬರಿಯಾಗಿ, ಗರ್ಭ ತೆಗೆಸಲು ಓಡುವವರಿದ್ದಾರೆ. ಮೊದಲು ಕೊನೆಯ ಮುಟ್ಟಿನ ದಿನ, ಮಾತ್ರೆ ನುಂಗಿದ ದಿನಾಂಕಗಳು, ಎಷ್ಟು ಗುಳಿಗೆ ಎಂದು ಬರೆದಿಟ್ಟು, ಸ್ಟ್ರಿಪ್ ಸಮೇತ ವೈದ್ಯರಿಗೆ ತೋರಿಸಿ. ಹೆಚ್ಚಿನ ಮಾತ್ರೆಗಳಿಗೆ ‘ಪರವಾಗಿಲ್ಲ, ಮುಂದುವರಿಯಿರಿ’ ಎಂಬುದೇ ಉತ್ತರ. ಅನುಮಾನ ಉಳಿದರೆ 18ರಿಂದ 20ನೇ ವಾರದ ಸ್ಕ್ಯಾನಿಂಗ್ ಚೀಟಿಯಲ್ಲಿ ಆ ಔಷಧಿಯ ಹೆಸರನ್ನೂ ಬರೆಸಿಕೊಳ್ಳಿ. ಸ್ಕ್ಯಾನ್ ಮಾಡುವವರು ಯಾವ ಅಂಗವನ್ನು ಎರಡು ಸಲ ನೋಡಬೇಕೆಂದು ಅದರಿಂದ ತಿಳಿದುಕೊಳ್ಳುತ್ತಾರೆ. ಯಾವುದೇ ಔಷಧಿಯಿಂದ ತೊಂದರೆಯಾಗಿದ್ದರೆ 1800-180-3024ಕ್ಕೆ ಉಚಿತ ಕರೆ ಮಾಡಿ ದಾಖಲಿಸಬಹುದು.

– ಕೆಲವು ಫಾರ್ಮಸಿಸ್ಟರು, ಶಿವಮೊಗ್ಗ